ನೆರೆನಾಡಿನ ಮತವೂ ಸ್ವಾಮಿ ರಮಾನಂದ ತೀರ್ಥರೂ

ಚುನಾವಣೆ ಬಂದಾಗಲೆಲ್ಲ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮೊದಲು ಏಳುವ ಪ್ರಶ್ನೆ ಅಭ್ಯರ್ಥಿ ಯಾವ ಕಡೆಯವನು ಎಂಬುದು. ಪಕ್ಕದ ಸೀಮೆಯವನಾದರೆ ಅರ್ಧ ನಮ್ಮವನು, ದೂರದವನಾದರೆ ಪರಕೀಯನು. ಈ ಲೆಕ್ಕ ಎಷ್ಟರಮಟ್ಟಿಗೆ ನಿಜವೆಂದು ಯೋಚಿಸುವಾಗ ನನಗೆ ನೆನಪಾಗುವುದು ಸ್ವಾಮಿ ರಮಾನಂದ ತೀರ್ಥರ ಜೀವನ.

1903ರ ಅಕ್ಟೋಬರ್ 3ರಂದು ಕನ್ನಡ ಸೀಮೆಯಲ್ಲಿ ಹುಟ್ಟಿದ ಇವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಓದಿದ್ದು ಸೊಲ್ಲಾಪುರ, ಪುಣೆಗಳ ಕಡೆ. ಮುಂಬಯಿಯಲ್ಲಿ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರೊಡನೆ ದುಡಿದು, 1929ರಲ್ಲಿ ನಿಜಾಮರ ರಾಜ್ಯದ ಹಿಪ್ಪರಗೆಯ ರಾಷ್ಟ್ರೀಯ ಶಾಲೆಗೆ ಬಂದರು. ಮರುವರ್ಷ ಸನ್ಯಾಸ ಸ್ವೀಕರಿಸಿದರು. ಆಮೇಲೆ ಅಂಬಾಜೋಗಾಯಿಯಲ್ಲಿ ಪಾಠ ಹೇಳಿದರು. ಹುಟ್ಟು ಕನ್ನಡ ನೆಲದ್ದು, ಕೆಲಸ ಮರಾಠಿ ನೆಲದ್ದು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಸ್ವಾಮೀಜಿ ಸತ್ಯಾಗ್ರಹ ಮಾಡಿ ಸೆರೆಮನೆ ಸೇರಿದರು.

ಅಂದಿನ ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು. ಗುಲ್ಬರ್ಗಾ, ರಾಯಚೂರು, ಬೀದರ ಈ ಮೂರು ಮಾತ್ರ ನಮ್ಮವು. ನಮ್ಮ ಮೂರೂ ಊರುಗಳು ಆಗ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. 1946ರಲ್ಲಿ ನಿಷೇಧ ತೆರವಾದಾಗ ಪಕ್ಷದ ಅಧ್ಯಕ್ಷ ಪದವಿಗೆ ಸ್ವಾಮೀಜಿಯವರಿಗೂ ತೆಲಂಗಾಣದ ಬೂರ್ಗುಲ ರಾಮಕೃಷ್ಣರಾಯರಿಗೂ ಸ್ಪರ್ಧೆ ನಡೆಯಿತು. ಸ್ವಾಮೀಜಿ ಗೆದ್ದರು, ಆದರೆ ತೀರ ಅಲ್ಪ ಅಂತರದಿಂದ. ನೆರೆಹೊರೆಯ ಎರಡು ಭಾಷಾಸೀಮೆಗಳಲ್ಲಿ ಬೇರೂರಿದ್ದ ವ್ಯಕ್ತಿಗೆ ಅಂಥ ಬಿಗಿಯಾದ ಪೈಪೋಟಿಯಲ್ಲಿ ಅದು ಆಸರೆಯಾಗಿರಲೇಬೇಕೆಂದು ನನ್ನ ಎಣಿಕೆ.

ಅಮೆರಿಕದಲ್ಲಿ ಪಕ್ಷದೊಳಗಿನ ಇಂಥ ಆಯ್ಕೆಗೆ ರಾಜ್ಯರಾಜ್ಯದಲ್ಲೂ ಮತದಾನ ನಡೆಯುತ್ತದೆ; ಅದನ್ನು ಪ್ರೈಮರಿ ಎನ್ನುತ್ತಾರೆ. 1960ರ ಏಪ್ರಿಲಿನಲ್ಲಿ ವಿಸ್ಕಾನ್ಸಿನ್ನಿನ ಪ್ರೈಮರಿಗೆ ನೆರೆಯ ಮಿನೆಸೋಟದ ಸೆನೆಟರ್ ಹಂಫ್ರಿ ನಿಂತರು. ದೂರದ ಮ್ಯಾಸಚೂಸೆಟ್ಸಿನಿಂದ ಬಂದ ಕೆನೆಡಿಯವರೇ ಗೆದ್ದರು. ಆದರೂ ಅಲ್ಲಿಯ ಹತ್ತು ಜಿಲ್ಲೆಗಳಲ್ಲಿ ಹಂಫ್ರಿಯವರಿಗೆ ನಾಲ್ಕು ದಕ್ಕಿದವು, ಅವುಗಳಲ್ಲಿ ಮೂರು ಮಿನೆಸೋಟದ ಗಡಿಯ ಕಡೆಯವು! ನೆರೆಯವನೆಂಬ ಅಭಿಮಾನ ಗಡಿಯಿಂದ ಸ್ವಲ್ಪ ದೂರ ನಡೆದು ನಿಂತುಬಿಟ್ಟಿತು.

ಮತ್ತೆ ಸ್ವಾಮೀಜಿಯವರ ಕಡೆಗೆ ಬರೋಣ. 1947ರ ಆಗಸ್ಟಿನಲ್ಲಿ, ಭಾರತ ಒಕ್ಕೂಟ ಸೇರಬೇಕೆಂಬ ಚಳವಳಿಗಾಗಿ, ಅವರು ಮತ್ತೆ ಬಂಧಿತರಾದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1952ರ ಪ್ರಥಮ ಮಹಾಚುನಾವಣೆಯಲ್ಲಿ ಅವರು ಗುಲ್ಬರ್ಗಾದಿಂದ ಲೋಕಸಭೆಗೆ ಆರಿಸಿಬಂದರು. ಆಗ ಪ್ರತ್ಯೇಕ ಕ್ಷೇತ್ರವಾಗಿದ್ದ ಯಾದಗಿರಿಯಿಂದ ಕೃಷ್ಣಾಚಾರ್ಯ ಜೋಶಿಯವರು ಆಯ್ಕೆಯಾದರು. ಮುಖ್ಯಮಂತ್ರಿ ಪದವಿ ಮಾತ್ರ ಬೂರ್ಗುಲರಿಗೆ ಹೋಯಿತು.

ಹೈದರಾಬಾದ್ ರಾಜ್ಯವನ್ನು ಭಾಷಾನುಸಾರ ಒಡೆಯಬೇಕೆಂದು ಪಟ್ಟುಹಿಡಿದವರಲ್ಲಿ ಸ್ವಾಮೀಜಿ ಒಬ್ಬರು. ತಾವು ಕಟ್ಟಿದ ಪಕ್ಷದ ನೆಲವೇ ಮೂರು ಪಾಲಾಗುವುದೆಂದು ಅವರಿಗೆ ತಿಳಿಯದೆ ಇರಲಿಲ್ಲ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮರಾಠವಾಡಾ ಮುಂಬಯಿ ರಾಜ್ಯಕ್ಕೆ ಸೇರಿತು. ಮುಂದಿನ ವರ್ಷವೇ ಚುನಾವಣೆ. ಸ್ವಾಮೀಜಿ ಈ ಸಲ ನಿಂತದ್ದು ಗಡಿಯಾಚೆಯ ಔರಂಗಾಬಾದಿನಲ್ಲಿ, ಗೆದ್ದದ್ದೂ ಅಲ್ಲಿಯೇ. ಅದೇ ವರ್ಷ ನಮ್ಮ ನೆರೆಯ ರಾಯಚೂರು, ಹೈದರಾಬಾದ್ ನಗರದ ಮುಖಂಡರಾದ ಡಾ. ಜಿ. ಎಸ್. ಮೇಲಕೋಟೆಯವರನ್ನು ಲೋಕಸಭೆಗೆ ಕಳುಹಿಸಿತು.

ಕಾಂಗ್ರೆಸ್ಸಿನ ಅಲೆಯಿದ್ದ ಕಾಲವದು, ಯಾರು ನಿಂತರೂ ಗೆಲ್ಲುತ್ತಿದ್ದರು ಎನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ಹುರುಳುಂಟು. ಆದರೆ ಗಡಿಯ ಗೆರೆ ಎಳೆದು ಒಂದು ವರ್ಷವೂ ತುಂಬಿರಲಿಲ್ಲ. ಜನರ ಪಾಲಿಗೆ ಈ ಇಬ್ಬರೂ ಜೈಲು ಕಂಡ ಒಂದೇ ಹೋರಾಟದವರು. ಔರಂಗಾಬಾದಿನವರು ಆರಿಸಿದ್ದು ನಕಾಶೆಯ ಮೇಲಿನ ನೆರೆಯವನನ್ನಲ್ಲ, ತಮ್ಮ ಸೀಮೆಯಲ್ಲಿ ವರ್ಷಗಟ್ಟಲೆ ದುಡಿದ ಶಿಕ್ಷಕನನ್ನು.

ಇದರಿಂದ ನಮಗಾದ ನಷ್ಟವನ್ನೂ ಹೇಳಬೇಕು. ಮರಾಠವಾಡದವರು ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟಿದ್ದಾರೆ. ಗುಲ್ಬರ್ಗಾದ ಮೊದಲ ಲೋಕಸಭಾ ಸದಸ್ಯರು ಯಾರೆಂದು ನನ್ನ ಸಹಪಾಠಿಗಳನ್ನು ಕೇಳಿದರೆ ಉತ್ತರ ಹೇಳುವವರು ವಿರಳ.

ಸ್ವಾಮೀಜಿ 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಶಿಷ್ಯರೆನಿಸಿದ ಪಿ. ವಿ. ನರಸಿಂಹರಾಯರು 1984ರಲ್ಲಿ ಎರಡು ಕಡೆ ನಿಂತರು. ತಮ್ಮದೇ ಸೀಮೆಯ ಹನಮಕೊಂಡದಲ್ಲಿ ಸೋತರು. ಮರಾಠಿ ಚೆನ್ನಾಗಿ ಬಲ್ಲ ಅವರನ್ನು ನೆರೆಯ ಮಹಾರಾಷ್ಟ್ರದ ರಾಮಟೇಕ ಗೆಲ್ಲಿಸಿತು.