ಆರ್ಥರ್ ಕಾಟನ್

ಸರ್ ಆರ್ಥರ್ ಥಾಮಸ್ ಕಾಟನ್ (15 ಮೇ 1803 – 24 ಜುಲೈ 1899) ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ ಸೇನಾ ಇಂಜಿನಿಯರ್ ಹಾಗೂ ನೀರಾವರಿ ತಜ್ಞ. ಕಾವೇರಿ ಮತ್ತು ಗೋದಾವರಿ ನದಿಗಳ ಮುಖಜ ಭೂಮಿಗೆ ನೀರುಣಿಸಿದ ಅಣೆಕಟ್ಟುಗಳ ನಿರ್ಮಾತೃವೆಂದು ಅವರು ಪ್ರಸಿದ್ಧರಾಗಿದ್ದಾರೆ. ಕಾಲುವೆಯು ಹೊಲಕ್ಕೆ ನೀರೊದಗಿಸುವುದರ ಜೊತೆಗೆ ಸರಕು ಸಾಗಣೆಯ ದಾರಿಯೂ ಆಗಬೇಕು ಎಂಬುದು ಅವರ ಜೀವನದ ಮುಖ್ಯ ವಾದವಾಗಿತ್ತು. ಈ ವಾದದ ಅತಿ ದೊಡ್ಡ ಪರೀಕ್ಷೆಗಳಲ್ಲೊಂದು ನಡೆದದ್ದು ತುಂಗಭದ್ರಾ ನದಿಯ ಮೇಲೆ. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಸೇರಿ ಉಂಟಾಗುವ ಈ ನದಿಯನ್ನು ಅರಬ್ಬೀ ಸಮುದ್ರದ ಕಾರವಾರಕ್ಕೂ ಬಂಗಾಳಕೊಲ್ಲಿಯ ಮದ್ರಾಸಿಗೂ ಜಲಮಾರ್ಗವಾಗಿ ಜೋಡಿಸುವ ಯೋಜನೆಯನ್ನು ಅವರು ಮುಂದಿಟ್ಟರು. ಅದರಲ್ಲಿ ಕಾರ್ಯಗತವಾದದ್ದು ಕರ್ನೂಲು–ಕಡಪ ಕಾಲುವೆ ಮಾತ್ರ.

ಆರಂಭಿಕ ಜೀವನ

ಕಾಟನ್ ಅವರು ಹೆನ್ರಿ ಕ್ಯಾಲ್ವೆಲಿ ಕಾಟನ್ ಅವರ ಹತ್ತನೆಯ ಮಗ. ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೂಂಬ್ ಸೈನಿಕ ಶಾಲೆಯಲ್ಲಿ ಶಿಕ್ಷಣ ಪಡೆದು 1819ರಲ್ಲಿ ಮದ್ರಾಸ್ ಇಂಜಿನಿಯರ್ಸ್ ದಳಕ್ಕೆ ಸೇರಿದರು. 1821ರಲ್ಲಿ ಭಾರತಕ್ಕೆ ಬಂದರು. ಭಾರತದಲ್ಲಿ ಅವರಿಗೆ ದೊರೆತ ಮೊದಲ ಕೆಲಸಗಳಲ್ಲೊಂದು ಹಡಗುಗಳ ದಾರಿಗೆ ಸಂಬಂಧಿಸಿದ್ದು. ರಾಮೇಶ್ವರ ದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಪಾಂಬನ್ ಕಾಲುವೆ ಬಂಡೆಗಳಿಂದ ತುಂಬಿದ್ದು, ಸಣ್ಣ ನಾವೆಗಳಷ್ಟೇ ದಾಟುವಂತಿತ್ತು. 1822ರಲ್ಲಿ ಕಾಟನ್ ಅದರ ಸಮೀಕ್ಷೆ ನಡೆಸಿದರು. ಮುಂದಿನ ದಶಕಗಳಲ್ಲಿ ಇತರ ಅಧಿಕಾರಿಗಳು ಅದನ್ನು ಅಗಲಿಸಿ ಆಳಗೊಳಿಸಿದರು. ಮೊದಲನೆಯ ಬರ್ಮಾ ಯುದ್ಧದಲ್ಲಿ (1824–26) ಭಾಗವಹಿಸಿದ ಬಳಿಕ ಕಾಟನ್ ಅವರನ್ನು ಕಾವೇರಿಯ ಕೆಲಸಕ್ಕೆ ನಿಯೋಜಿಸಲಾಯಿತು.

ಕಾವೇರಿ ಮತ್ತು ಗೋದಾವರಿ

ತಿರುಚಿರಾಪಳ್ಳಿಯ ಬಳಿ ಕಾವೇರಿಯಿಂದ ಕವಲೊಡೆಯುವ ಕೊಳ್ಳಿಡಂ ವರ್ಷದಿಂದ ವರ್ಷಕ್ಕೆ ಹೆಚ್ಚು ನೀರನ್ನು ಸೆಳೆದುಕೊಳ್ಳುತ್ತಿದ್ದುದರಿಂದ ತಂಜಾವೂರಿನ ಗದ್ದೆಗಳು ಒಣಗತೊಡಗಿದ್ದವು. 1836ರ ವೇಳೆಗೆ ಕಾಟನ್ ಕೊಳ್ಳಿಡಂಗೆ ಅಡ್ಡಲಾಗಿ ಮೇಲಣೆ ಮತ್ತು ಕೆಳಅಣೆಗಳನ್ನು ಕಟ್ಟಿಸಿ ಈ ಸೋರಿಕೆಯನ್ನು ತಡೆದರು. ಗಟ್ಟಿ ಬಂಡೆ ಸಿಗದ ಮರಳಿನ ಪಾತ್ರದಲ್ಲಿ ಅಡಿಪಾಯ ಹಾಕುವ ವಿದ್ಯೆಯನ್ನು ಅವರು ಕಲಿತದ್ದು ಇಂಗ್ಲೆಂಡಿನಲ್ಲಲ್ಲ. ಚೋಳರ ಕಾಲದ ಕಲ್ಲಣೆಯನ್ನು ನೋಡಿ. ಈ ಋಣವನ್ನು ಅವರು ಬಹಿರಂಗವಾಗಿ ಒಪ್ಪಿಕೊಂಡಿದ್ದರು ಎಂಬುದು ಆ ಕಾಲದ ಅಧಿಕಾರಿಗಳಲ್ಲಿ ಅಪರೂಪದ ಸಂಗತಿ.

ಇದೇ ವರ್ಷಗಳಲ್ಲಿ ಮದ್ರಾಸಿನ ರೆಡ್ ಹಿಲ್ಸ್‌ನಿಂದ ರಸ್ತೆ ಕೆಲಸಕ್ಕೆ ಕಲ್ಲು ಸಾಗಿಸಲು ನಿರ್ಮಾಣವಾದ ರೈಲುಹಳಿಯ ಹಿಂದೆಯೂ ಕಾಟನ್ ಇದ್ದರು. 1837ರಲ್ಲಿ ಬಳಕೆಗೆ ಬಂದ ಈ ಹಳಿಯನ್ನು ಭಾರತದ ಮೊದಲ ರೈಲುಮಾರ್ಗವೆಂದು ಗಣಿಸಲಾಗುತ್ತದೆ. ಮುಂದೆ ರೈಲಿನ ಕಟು ವಿಮರ್ಶಕರಾಗಿ ಹೆಸರಾದವರಿಗೆ ಆ ವಿಷಯದ ಅನುಭವವಿರಲಿಲ್ಲ ಎಂದು ಹೇಳುವಂತಿಲ್ಲ.

ಆರೋಗ್ಯ ಕೆಟ್ಟು ಕೆಲಕಾಲ ಟಾಸ್ಮೇನಿಯಾದಲ್ಲಿ ವಿಶ್ರಾಂತಿ ಪಡೆದ ಅವರು ಅಲ್ಲಿಯೇ 1841ರಲ್ಲಿ ಎಲಿಜಬೆತ್ ಲರ್‌ಮಂತ್ ಅವರನ್ನು ವಿವಾಹವಾದರು. ಮರಳಿ ಬಂದ ನಂತರ, 1833ರ ಬರಗಾಲದಿಂದ ಜರ್ಜರಿತವಾಗಿದ್ದ ಗೋದಾವರಿ ಪ್ರದೇಶದ ಬಗ್ಗೆ ವರದಿ ಸಲ್ಲಿಸಿದರು. ಅನುಮತಿ ದೊರೆತು 1847ರಲ್ಲಿ ಧವಳೇಶ್ವರದಲ್ಲಿ ಕೆಲಸ ಆರಂಭವಾಯಿತು. 1852ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು.

ಗೋದಾವರಿಯ ಕಾಲುವೆಗಳನ್ನು ಆರಂಭದಿಂದಲೇ ದೋಣಿಗಳ ಓಡಾಟಕ್ಕೆ ಒಪ್ಪುವಂತೆ ರೂಪಿಸಲಾಗಿತ್ತು. ಕಾಲುವೆಯ ಮಟ್ಟ ಇಳಿಯುವ ಕಡೆಗಳಲ್ಲೆಲ್ಲ ಲಾಕ್‌ಗಳಿದ್ದವು. ಲಾಕ್ ಎಂದರೆ ಎರಡು ತುದಿಗಳಲ್ಲೂ ಬಾಗಿಲುಗಳಿರುವ ಕಲ್ಲಿನ ತೊಟ್ಟಿ. ದೋಣಿ ಒಳಬಂದ ಮೇಲೆ ಬಾಗಿಲು ಮುಚ್ಚಿ, ನೀರನ್ನು ತುಂಬಿಸಿ ಅಥವಾ ಬಸಿದು ಅದನ್ನು ಮುಂದಿನ ಮಟ್ಟಕ್ಕೆ ಏರಿಸುತ್ತಾರೆ ಇಲ್ಲವೆ ಇಳಿಸುತ್ತಾರೆ. ಸೂಯೆಜ್ ಕಾಲುವೆಗೆ ಈ ಏರ್ಪಾಟು ಬೇಕಾಗಲಿಲ್ಲ. ಪನಾಮಾ ಕಾಲುವೆ ನಡೆಯುತ್ತಿರುವುದೇ ಇದರ ಬಲದಿಂದ. ಗೋದಾವರಿ ಮುಖಜ ಭೂಮಿಯಲ್ಲಿ ಸುಮಾರು 500 ಮೈಲಿಗಳಷ್ಟು ಕಾಲುವೆ ಸಂಚಾರಯೋಗ್ಯವಾಯಿತು. ಭತ್ತ ಮತ್ತು ಅಕ್ಕಿ ದೋಣಿಗಳಲ್ಲಿ ಕಾಕಿನಾಡ ಬಂದರಿಗೆ ಇಳಿದವು. ಮೇಲಿನ ಕಾಡುಗಳ ಮರ ತೆಪ್ಪಗಳಾಗಿ ತೇಲಿ ಬಂದಿತು. ಹತ್ತಾರು ಎತ್ತಿನ ಬಂಡಿಗಳ ಹೇರನ್ನು ಹೊತ್ತ ಒಂದು ದೋಣಿಯನ್ನು ದಡದ ಮೇಲೆ ನಡೆಯುವ ಕೆಲವೇ ಆಳುಗಳು ಹಗ್ಗದಿಂದ ಎಳೆದೊಯ್ಯಬಲ್ಲವರಾಗಿದ್ದರು. ಏಲೂರಿನ ಮಾರ್ಗವಾಗಿ ಈ ಜಾಲ ಕೃಷ್ಣಾ ಕಾಲುವೆಗಳಿಗೂ, ಮುಂದೆ ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಮದ್ರಾಸಿಗೂ ಕೂಡಿಕೊಂಡಿತು.

ರೈಲು ಮತ್ತು ಕಾಲುವೆಯ ವಿವಾದ

1854ರಲ್ಲಿ ಪ್ರಕಟವಾದ ಭಾರತದ ಲೋಕೋಪಯೋಗಿ ಕಾಮಗಾರಿಗಳ ಕುರಿತ ಪುಸ್ತಕದಲ್ಲಿ ಕಾಟನ್ ತಮ್ಮ ನಿಲುವನ್ನು ವಿವರಿಸಿದರು. ಧಾನ್ಯ, ಹತ್ತಿ, ಉಪ್ಪು, ಮರಗಳಂಥ ಭಾರವಾದ ಸರಕಿಗೆ ವೇಗಕ್ಕಿಂತ ಅಗ್ಗದ ಬಾಡಿಗೆ ಮುಖ್ಯ. ನೀರಿನ ಮೇಲಿನ ಸಾಗಣೆಯಷ್ಟು ಅಗ್ಗದ್ದು ಬೇರೊಂದಿಲ್ಲ. ರೈಲಿಗೆ ಸುರಿಯುವ ಹಣದಲ್ಲಿ ಕಾಲುವೆ ತೋಡಿದರೆ ಬೆಳೆಯೂ ದಾರಿಯೂ ಒಟ್ಟಿಗೆ ದೊರೆಯುತ್ತವೆ ಎಂಬುದು ಅದರ ಸಾರ. ರೈಲು ಕಂಪನಿಗಳ ಬಂಡವಾಳಕ್ಕೆ ಸರ್ಕಾರ ಬಡ್ಡಿಯ ಖಾತರಿ ನೀಡುತ್ತಿದ್ದ ಕಾಲವದು. ಲಂಡನ್ನಿನ ಹೂಡಿಕೆದಾರರಿಗೂ ಸೇನೆಯನ್ನು ಬೇಗ ಸಾಗಿಸಬೇಕಿದ್ದ ಸರ್ಕಾರಕ್ಕೂ ಈ ಮಾತು ರುಚಿಸಲಿಲ್ಲ. ವಿವಾದಗಳಿಂದ ದೂರ ಉಳಿಯುವುದು ಕಾಟನ್ ಅವರ ಸ್ವಭಾವವೂ ಆಗಿರಲಿಲ್ಲ. ಗಂಗಾ ಕಾಲುವೆಯ ವಿನ್ಯಾಸವನ್ನು ಕುರಿತು ಅದರ ನಿರ್ಮಾತೃ ಪ್ರೋಬಿ ಕಾಟ್ಲಿ ಅವರೊಂದಿಗೆ 1860ರ ದಶಕದಲ್ಲಿ ನಡೆದ ಬಹಿರಂಗ ವಾಗ್ವಾದ ಇದಕ್ಕೊಂದು ನಿದರ್ಶನ.

1860ರಲ್ಲಿ ನಿವೃತ್ತರಾದ ಅವರಿಗೆ 1861ರಲ್ಲಿ ನೈಟ್ ಪದವಿ ದೊರೆಯಿತು.

ತುಂಗಭದ್ರಾ ಜಲಮಾರ್ಗ

ಕಾಟನ್ ಕಲ್ಪಿಸಿದ ಅಖಿಲ ಭಾರತ ಜಲಮಾರ್ಗ ಜಾಲದಲ್ಲಿ ನಾಲ್ಕು ಮುಖ್ಯ ದಾರಿಗಳಿದ್ದವು: ಕಲ್ಕತ್ತೆಯಿಂದ ಕರಾಚಿಗೆ, ಕಾಕಿನಾಡದಿಂದ ಸೂರತ್‌ಗೆ, ತುಂಗಭದ್ರೆಯ ಗುಂಟ ಕಾರವಾರಕ್ಕೆ, ಮತ್ತು ಪೊನ್ನಾನಿಯಿಂದ ಪಾಲಕ್ಕಾಡ್ ಕಣಿವೆಯ ಮೂಲಕ ಕೊಯಮತ್ತೂರಿಗೆ. ಒಟ್ಟು ವೆಚ್ಚ 3 ಕೋಟಿ ಪೌಂಡ್ ಎಂದು ಅವರು ಅಂದಾಜಿಸಿದ್ದರು.

ಮೂರನೆಯ ದಾರಿ ಕನ್ನಡ ನಾಡನ್ನು ಅಡ್ಡವಾಗಿ ಸೀಳುವಂಥದ್ದು. ಅಮೆರಿಕದ ಅಂತರ್ಯುದ್ಧದಿಂದಾಗಿ ಲಂಕಾಶೈರಿನ ಗಿರಣಿಗಳು ಧಾರವಾಡ ಸೀಮೆಯ ಹತ್ತಿಗೆ ಹಾತೊರೆಯುತ್ತಿದ್ದ ದಿನಗಳವು. ಹತ್ತಿಯನ್ನು ಇಳಿಸಲು ಕಾರವಾರ ಬಂದರು ಸೂಕ್ತವೆಂಬ ಅಭಿಪ್ರಾಯ ಬಲವಾಗಿದ್ದು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆದಾಗ ಮುಂಬಯಿ ಮತ್ತು ಲಂಡನ್ ನಡುವಿನ ಸಮುದ್ರಯಾನ ಸುಮಾರು ಶೇ. 40ರಷ್ಟು ತಗ್ಗಿ, ಪಶ್ಚಿಮ ಕರಾವಳಿಯ ಬಂದರುಗಳ ಬೆಲೆ ಹೆಚ್ಚಿತು. ಆದರೆ ಬಂದರಿನಿಂದ ಒಳನಾಡಿಗೆ ಬರುವ ದಾರಿ ಬದಲಾಗಲಿಲ್ಲ. ಶಿವಮೊಗ್ಗದ ಪೇಟೆಯಿಂದ ಅಡಿಕೆ, ಮೆಣಸು, ಏಲಕ್ಕಿ, ಅಕ್ಕಿ ಹೊರಗೆ ಹೋಗಬೇಕಾದರೆ ಹೇರೆತ್ತು ಮತ್ತು ಬಂಡಿಗಳೇ ಗತಿ. ಮಳೆಗಾಲದಲ್ಲಿ ಅವೂ ನಿಲ್ಲುತ್ತಿದ್ದವು. ತುಂಗೆ, ಭದ್ರೆಗಳಲ್ಲಿ ಹರಿಗೋಲುಗಳು ಜನರನ್ನು ದಡ ದಾಟಿಸುತ್ತಿದ್ದವೇ ಹೊರತು ಉದ್ದಕ್ಕೆ ಸಾಗುವ ಸರಕಿನ ದೋಣಿಗಳಿಗೆ ಆ ಬಂಡೆಗಲ್ಲಿನ ಪಾತ್ರಗಳು ಅನುಕೂಲವಾಗಿರಲಿಲ್ಲ.

ಕಾರವಾರದ ದಾರಿಯ ಮುಖ್ಯ ತೊಡಕು ಘಟ್ಟ. ಸುಮಾರು 550 ಮೀಟರ್ ಎತ್ತರದ ಬಯಲಿನಿಂದ ಸಮುದ್ರಮಟ್ಟಕ್ಕೆ ಲಾಕ್‌ಗಳ ಮೂಲಕವೇ ಇಳಿಯುವುದಾದರೆ, ಒಂದೊಂದೂ 3 ಮೀಟರ್ ಇಳಿಸಿದರೂ 180ಕ್ಕೂ ಹೆಚ್ಚು ಲಾಕ್‌ಗಳು ಬೇಕಾಗುತ್ತವೆ. ಪನಾಮಾ ಕಾಲುವೆ ಹಡಗುಗಳನ್ನು ಎತ್ತುವುದು ಸುಮಾರು 26 ಮೀಟರ್ ಮಾತ್ರ. ಈ ಭಾಗ ಕಾಗದದಿಂದ ಕೆಳಗಿಳಿಯಲೇ ಇಲ್ಲ.

ಪೂರ್ವದ ಭಾಗವನ್ನು ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ ಎಂಬ ಖಾಸಗಿ ಸಂಸ್ಥೆ ಕೈಗೆತ್ತಿಕೊಂಡಿತು. ಅದರ 10 ಲಕ್ಷ ಪೌಂಡ್ ಬಂಡವಾಳಕ್ಕೆ ಸರ್ಕಾರ ಶೇ. 5ರ ಬಡ್ಡಿಯ ಖಾತರಿ ನೀಡಿತು. ರೈಲಿಗೆ ಕೊಟ್ಟ ಸವಲತ್ತು ಕಾಲುವೆಗೂ ದೊರೆತಂತಾಯಿತು. 1860ರ ದಶಕದಲ್ಲಿ ಕರ್ನೂಲಿನ ಮೇಲ್ಭಾಗದ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಒಡ್ಡು ಕಟ್ಟಿ, ಅಲ್ಲಿಂದ ಕಡಪದವರೆಗೆ ಸುಮಾರು 300 ಕಿಲೋಮೀಟರ್ ಉದ್ದದ, ಲಾಕ್‌ಗಳಿಂದ ಕೂಡಿದ ಕಾಲುವೆಯನ್ನು ತೋಡಲಾಯಿತು. ಬಳ್ಳಾರಿಯ ಕಡೆಗೂ ನೆಲ್ಲೂರಿನ ಕರಾವಳಿಯ ಕಡೆಗೂ ಅದನ್ನು ವಿಸ್ತರಿಸುವ ಉದ್ದೇಶವಿತ್ತು. ಅಷ್ಟರಲ್ಲಿ ಬಂಡವಾಳ ಕರಗಿತು. 1866ರಲ್ಲಿ ಸರ್ಕಾರ 6 ಲಕ್ಷ ಪೌಂಡ್ ಸಾಲ ಕೊಡಬೇಕಾಯಿತು.

ಹಣಕ್ಕಿಂತ ದೊಡ್ಡ ಸಮಸ್ಯೆ ಎರಡು ಕಡೆಯಿಂದ ಬಂದಿತು. ಕಾಲುವೆಯ ಇಕ್ಕೆಲದ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದ ರೈತರಿಗೆ ಮಳೆ ಸರಿಯಾದ ವರ್ಷ ಕಾಲುವೆಯ ನೀರು ಬೇಡವಾಗಿತ್ತು. ತೇವವನ್ನು ಹಿಡಿದಿಡುವ ಆ ಮಣ್ಣಿಗೆ ಹೆಚ್ಚು ನೀರು ಹಾನಿಯನ್ನೂ ಮಾಡಬಲ್ಲದು. ಇತ್ತ ಕಾಲುವೆಯ ಎರಡೂ ತುದಿಗಳು ಸಮುದ್ರವನ್ನು ಮುಟ್ಟದ ಕಾರಣ ದೋಣಿಗಳಿಗೆ ದೂರದ ಸರಕು ಸಿಗಲಿಲ್ಲ. ಗೋದಾವರಿಯಲ್ಲಿ ಭತ್ತದ ಗದ್ದೆ, ಸಮತಟ್ಟು ನೆಲ, ಕೆಳಗೊಂದು ಬಂದರು ಮೂರೂ ಇದ್ದವು. ಇಲ್ಲಿ ಒಂದೂ ಇರಲಿಲ್ಲ. ಗೋದಾವರಿಯ ಯಶಸ್ಸನ್ನು ಕಾಟನ್ ತುಂಗಭದ್ರೆಗೆ ನೇರವಾಗಿ ಅನ್ವಯಿಸಿದ್ದು ಅವರ ದೊಡ್ಡ ತಪ್ಪೆಣಿಕೆ ಎನ್ನಬಹುದು. ಕಂಪನಿ ನಷ್ಟದಲ್ಲಿಯೇ ನಡೆದು, 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. ಗೋದಾವರಿಯ ಮೇಲ್ಪಾತ್ರವನ್ನು ಸಂಚಾರಯೋಗ್ಯವಾಗಿಸುವ ಕೆಲಸವನ್ನು 1871ರಲ್ಲಿಯೇ ಕೈಬಿಡಲಾಗಿತ್ತು.

ಮಹಾಕ್ಷಾಮ ಮತ್ತು ಸಂಸದೀಯ ಸಮಿತಿ

1876–78ರ ಮಹಾಕ್ಷಾಮ ಮೈಸೂರು ಸಂಸ್ಥಾನ, ಬಳ್ಳಾರಿ, ಕರ್ನೂಲು, ಕಡಪಗಳಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಕನ್ನಡ ಜಿಲ್ಲೆಗಳಲ್ಲಿ ಇದು ಧಾತು ವರ್ಷದ ಬರವೆಂದು ಬಹುಕಾಲ ನೆನಪಿನಲ್ಲಿ ಉಳಿದಿತ್ತು. ಅದುವರೆಗೆ ನೀರು ಬೇಡವೆಂದಿದ್ದ ಕರ್ನೂಲು ಕಾಲುವೆಯ ರೈತರು ಆಗ ನೀರು ಪಡೆದು ಬೆಳೆ ಉಳಿಸಿಕೊಂಡರು. ಮದ್ರಾಸ್ ಬಂದರಿಗೆ ಬಂದಿಳಿದ ಧಾನ್ಯವನ್ನು ರೈಲುಗಳು ಬಳ್ಳಾರಿಯವರೆಗೆ ತಂದವು. ಆದರೆ ಮೇವಿಲ್ಲದೆ ಎತ್ತುಗಳು ಸತ್ತಿದ್ದರಿಂದ ನಿಲ್ದಾಣದಿಂದ ಹಳ್ಳಿಗಳಿಗೆ ಅದನ್ನು ಮುಟ್ಟಿಸುವುದು ದುಸ್ಸಾಧ್ಯವಾಯಿತು. ಇಂಗ್ಲೆಂಡಿನಲ್ಲಿದ್ದ ಕಾಟನ್ ಮದ್ರಾಸಿನ ಕ್ಷಾಮವನ್ನು ಕುರಿತು ಕಿರುಹೊತ್ತಿಗೆಯೊಂದನ್ನು ಬರೆದು, ರೈಲಿಗೆ ಖರ್ಚಾದ ಹಣ ಜೀವ ಉಳಿಸಲಿಲ್ಲವೆಂದು ವಾದಿಸಿದರು. ದಾದಿಯರ ಸೇವೆಗೆ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಅವರ ಪರ ನಿಂತರು. ರೈಲು ಇಲ್ಲದಿದ್ದರೆ ಆ ಧಾನ್ಯ ಬಳ್ಳಾರಿಯನ್ನೂ ತಲುಪುತ್ತಿರಲಿಲ್ಲವೆಂಬ ಪ್ರತಿವಾದವೂ ಅಷ್ಟೇ ಗಟ್ಟಿಯಾಗಿತ್ತು.

1878ರಲ್ಲಿ ಬ್ರಿಟಿಷ್ ಸಂಸತ್ತಿನ ಆಯ್ಕೆ ಸಮಿತಿ ಭಾರತದ ಲೋಕೋಪಯೋಗಿ ಕಾಮಗಾರಿಗಳ ವಿಚಾರಣೆ ನಡೆಸಿತು. 75 ವರ್ಷದ ಕಾಟನ್ ಅದರ ಮುಂದೆ ಹಾಜರಾಗಿ ತಮ್ಮ ಜಲಮಾರ್ಗ ಜಾಲವನ್ನು ಸಮರ್ಥಿಸಿದರು. ಸಮಿತಿ ಅದನ್ನು ಒಪ್ಪಲಿಲ್ಲ. ಕರ್ನೂಲಿನ ಲೆಕ್ಕವೇ ಅವರ ವಿರುದ್ಧ ಸಾಕ್ಷಿಯಾಯಿತು. ಬಕಿಂಗ್‌ಹ್ಯಾಮ್ ಕಾಲುವೆ ಮಾತ್ರ ಆ ಬರಗಾಲದ ಪರಿಹಾರ ಕಾಮಗಾರಿಯಾಗಿ ವಿಸ್ತಾರಗೊಂಡು, ಮದ್ರಾಸಿಗೆ ಸೌದೆ, ಉಪ್ಪು, ಧಾನ್ಯ ತರುವ ದಾರಿಯಾಗಿ ಬಹುಕಾಲ ಬಳಕೆಯಲ್ಲಿತ್ತು.

1888ರಲ್ಲಿ ಮಾರ್ಮಗೋವಾ ಬಂದರಿಗೆ ಘಟ್ಟ ಇಳಿಯುವ ರೈಲು ಬಂದ ಬಳಿಕ ಧಾರವಾಡದ ಹತ್ತಿ ಅತ್ತ ತಿರುಗಿ, ಕಾರವಾರದ ವ್ಯಾಪಾರ ಕುಗ್ಗಿತು.

ಕೊನೆಯ ವರ್ಷಗಳು

ಸರೆ ಪ್ರಾಂತ್ಯದ ಡಾರ್ಕಿಂಗ್‌ನಲ್ಲಿ ನೆಲೆಸಿದ ಕಾಟನ್ ಆಳವಾಗಿ ಅಗೆದ ಮಣ್ಣಿನಲ್ಲಿ ಗೋಧಿ ಬೆಳೆಯುವ ಪ್ರಯೋಗಗಳಲ್ಲಿ ತೊಡಗಿದ್ದರು. 1899ರ ಜುಲೈ 24ರಂದು, 96ನೆಯ ವಯಸ್ಸಿನಲ್ಲಿ ನಿಧನರಾದರು. ಮಗಳು ಲೇಡಿ ಹೋಪ್ ಮರುವರ್ಷ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಚಾರ್ಲ್ಸ್ ಡಾರ್ವಿನ್ ಸಾಯುವ ಮುನ್ನ ಮನಸ್ಸು ಬದಲಿಸಿದರೆಂಬ ವಿವಾದಿತ ಕಥೆಯನ್ನು ಹಬ್ಬಿಸಿದವರೂ ಇವರೇ. ಕಾಟನ್ ತೀರಿಕೊಂಡ ವರ್ಷವೇ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿತು. ಇಂದಿನ ಗಾಂಧಿ ಬಜಾರಿನ ಸುತ್ತಲ ಹಳೆಯ ಪೇಟೆಗೆ ಹೊರನಾಡಿನ ದಾರಿಯನ್ನು ತೆರೆದದ್ದು ನೀರಲ್ಲ, ಹಳಿ.

ನಂತರದ ಪರಿಣಾಮಗಳು

ಸಾಗಣೆಯ ಕನಸು ಮುರಿದುಬಿದ್ದರೂ ಕರ್ನೂಲು–ಕಡಪ ಕಾಲುವೆ ನೀರಾವರಿಗಾಗಿ ಉಳಿಯಿತು. ಅದರೊಂದಿಗೆ ತುಂಗಭದ್ರೆಯ ಕೆಳಪಾತ್ರದ ನೀರಿನ ಹಕ್ಕೂ ಉಳಿಯಿತು. ಮದ್ರಾಸ್ ಮತ್ತು ಮೈಸೂರು ಸರ್ಕಾರಗಳ ನಡುವಿನ 1892ರ ಒಪ್ಪಂದದ ನದಿಗಳ ಪಟ್ಟಿಯಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಸೇರಿವೆ. ಇವುಗಳಿಗೆ ಅಡ್ಡಲಾಗಿ ಹೊಸ ನೀರಾವರಿ ಜಲಾಶಯ ಕಟ್ಟಲು ಮೈಸೂರು ಮದ್ರಾಸಿನ ಒಪ್ಪಿಗೆ ಪಡೆಯಬೇಕಾಯಿತು. ಹೊಸಪೇಟೆಯ ಬಳಿ ತುಂಗಭದ್ರೆಗೆ ಜಲಾಶಯ ಕಟ್ಟುವ ಆಲೋಚನೆಯನ್ನು 1860ರಲ್ಲಿ ಮೊದಲು ಮುಂದಿಟ್ಟವರೂ ಕಾಟನ್ ಎಂದು ಹೇಳಲಾಗುತ್ತದೆ. ಅದರ ಕೆಲಸ 1945ರಲ್ಲಿ ಆರಂಭವಾಗಿ, 1953ರಲ್ಲಿ ನೀರು ನಿಂತಿತು. ಗಾಜನೂರಿನ ತುಂಗಾ ಅಣೆಕಟ್ಟು, ಲಕ್ಕವಳ್ಳಿಯ ಭದ್ರಾ ಜಲಾಶಯಗಳ ನಾಲೆಗಳು ಇಂದು ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಲ ಭತ್ತ, ಅಡಿಕೆ, ಕಬ್ಬಿಗೆ ನೀರುಣಿಸುತ್ತವೆ. ಅವು ದೋಣಿಗಾಗಿ ಕಟ್ಟಿದವಲ್ಲ.

ಗೋದಾವರಿ ಜಿಲ್ಲೆಗಳಲ್ಲಿ ಕಾಟನ್ ದೊರೆ ಎಂದೇ ಅವರನ್ನು ಗೌರವಿಸಲಾಗುತ್ತದೆ. ಹಲವು ಊರುಗಳಲ್ಲಿ ಅವರ ಪ್ರತಿಮೆಗಳಿವೆ, ಧವಳೇಶ್ವರದಲ್ಲಿ ವಸ್ತುಸಂಗ್ರಹಾಲಯವಿದೆ. ಹಳೆಯ ಅಣೆಕಟ್ಟಿನ ಬದಲಿಗೆ ಅಲ್ಲಿ ನಿರ್ಮಿಸಿದ ಹೊಸ ಬ್ಯಾರೇಜಿಗೆ ಅವರ ಹೆಸರನ್ನಿಡಲಾಗಿದೆ. ಕಾಕಿನಾಡದಿಂದ ಪುದುಚೇರಿಯವರೆಗಿನ ಕಾಲುವೆಗಳನ್ನೂ ಗೋದಾವರಿ, ಕೃಷ್ಣಾ ನದಿಗಳ ಕೆಲವು ಭಾಗಗಳನ್ನೂ ಸೇರಿಸಿ 2008ರಲ್ಲಿ ರಾಷ್ಟ್ರೀಯ ಜಲಮಾರ್ಗ 4 ಎಂದು ಘೋಷಿಸಲಾಯಿತು.