ಗೆಳತಿಯರ ನೆನಪನ್ನು ಉಳಿಸಿಕೊಟ್ಟ ಗುಲ್‌ಬದನ್ ಬೇಗಂ

ಓದುಗ ಸಹೋದರಿಯರೇ, ನಿಮ್ಮ ಅಜ್ಜನ ಗೆಳೆಯರ ಹೆಸರು ನಿಮಗೆ ಗೊತ್ತಿರಬಹುದು. ಅಂಗಡಿಯ ಪಾಲುದಾರರೆಂದೋ ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುತ್ತಿದ್ದವರೆಂದೋ ಮನೆಯಲ್ಲಿ ಅವರ ಮಾತು ಬರುತ್ತಲೇ ಇರುತ್ತದೆ. ಆದರೆ ನಿಮ್ಮ ಅಜ್ಜಿಯ ಆಪ್ತ ಗೆಳತಿ ಯಾರು? ಅಜ್ಜಿ ತಮ್ಮ ಕಷ್ಟಸುಖಗಳನ್ನು ಯಾರೊಡನೆ ಹೇಳಿಕೊಳ್ಳುತ್ತಿದ್ದರು? ನಮ್ಮಲ್ಲಿ ಹೆಚ್ಚಿನವರಿಗೆ ಇದಕ್ಕೆ ಉತ್ತರ ತಿಳಿಯದು. ಇಂಥ ಮರೆವು ಅರಮನೆಗಳಲ್ಲೂ ಇತ್ತು. ನಾಲ್ಕು ಶತಮಾನಗಳ ಹಿಂದೆ ಅದನ್ನು ತನ್ನಿಂದಾದಷ್ಟು ತಡೆದ ಮಹಿಳೆಯೊಬ್ಬರ ಜೀವನವನ್ನು ಇಲ್ಲಿ ನೋಡೋಣ.

ಗುಲ್‌ಬದನ್ ಬೇಗಂ ಜನಿಸಿದ್ದು ಸುಮಾರು 1523ರಲ್ಲಿ. ತಂದೆ ಬಾಬರ್, ತಾಯಿ ದಿಲ್‌ದಾರ್ ಬೇಗಂ. ಅವರನ್ನು ಸಾಕಿ ಬೆಳೆಸಿದವರು ಮಾತ್ರ ಹುಮಾಯೂನರ ತಾಯಿ ಮಾಹಮ್ ಬೇಗಂ. 1529ರಲ್ಲಿ ಆ ತಾಯಿಯೊಡನೆ ಕಾಬೂಲಿನಿಂದ ಆಗ್ರಾಕ್ಕೆ ಬಂದರು. ಮರುವರ್ಷದ ಡಿಸೆಂಬರಿನಲ್ಲಿ ಬಾಬರ್ ತೀರಿಕೊಂಡಾಗ ಗುಲ್‌ಬದನ್ ಏಳೆಂಟು ವರ್ಷದ ಬಾಲೆ. ಕೆಲವು ವರ್ಷಗಳಲ್ಲಿ ಸಾಕುತಾಯಿಯೂ ಕಣ್ಮುಚ್ಚಿದರು.

1539ರಲ್ಲಿ ಚೌಸಾ ಎಂಬಲ್ಲಿ ಶೇರ್ ಖಾನನ ಸೈನ್ಯ ಹುಮಾಯೂನರನ್ನು ಸೋಲಿಸಿತು. ಶಿಬಿರದಲ್ಲಿದ್ದ ಸ್ತ್ರೀಯರು ಆ ಗದ್ದಲದಲ್ಲಿ ದಿಕ್ಕಾಪಾಲಾದರು. ದರ್ಬಾರಿನ ಇತಿಹಾಸಕಾರರಿಗೆ ಅದು ಒಂದು ಯುದ್ಧ, ಒಂದು ಸೋಲು. ಆದರೆ ಗುಲ್‌ಬದನ್ ಅಲ್ಲಿ ಕಾಣೆಯಾದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಬರೆದರು. ಅವರಲ್ಲಿ ಆಯಿಶಾ ಸುಲ್ತಾನ್ ಬೇಗಂ ಇದ್ದರು, ಗರ್ಭಿಣಿಯಾಗಿದ್ದ ಚಾಂದ್ ಬೀಬಿ ಇದ್ದರು, ಹುಮಾಯೂನರ ಎಂಟು ವರ್ಷದ ಮಗಳು ಅಕೀಕಾ ಇದ್ದಳು. ಎಷ್ಟು ಹುಡುಕಿದರೂ ಇವರ ಸುಳಿವು ಸಿಗಲಿಲ್ಲ. ಮಗುವನ್ನು ಜೊತೆಗೆ ಕರೆದೊಯ್ದುದಕ್ಕಾಗಿ ಹುಮಾಯೂನರು ಪರಿತಪಿಸಿದುದನ್ನೂ ಅವರು ಬರೆದಿದ್ದಾರೆ. ಗೋರಿಯೂ ಇಲ್ಲದ ಈ ಜೀವಗಳಿಗೆ ಆ ಬರಹವೇ ಗುರುತು.

ಮರುವರ್ಷ ಇನ್ನೊಂದು ಸೋಲು. ರಾಜಕುಟುಂಬ ಚದುರಿತು. ಗುಲ್‌ಬದನ್ ತಮ್ಮ ಇಷ್ಟಕ್ಕೆ ವಿರುದ್ಧವಾಗಿ ಇನ್ನೊಬ್ಬ ಸಹೋದರ ಕಾಮ್ರಾನರೊಡನೆ ಕಾಬೂಲಿಗೆ ಹೋಗಬೇಕಾಯಿತು. ಇತ್ತ ಅಲೆದಾಟದಲ್ಲಿದ್ದ ಹುಮಾಯೂನರು 1541ರಲ್ಲಿ ಸಿಂಧ್ ಪ್ರದೇಶದಲ್ಲಿ ಹಮೀದಾ ಬಾನು ಎಂಬ ತರುಣಿಯನ್ನು ವಿವಾಹವಾದರು. ಮುಂದಿನ ವರ್ಷ ಉಮರ್‌ಕೋಟೆಯಲ್ಲಿ ಅಕ್ಬರ್ ಹುಟ್ಟಿದ. ಆದರೆ ಕೂಸನ್ನು ಹಿಂದೆ ಬಿಟ್ಟು ಆ ತಾಯಿ ಗಂಡನೊಡನೆ ಇರಾನಿಗೆ ಹೋಗಬೇಕಾಯಿತು.

1545ರಲ್ಲಿ ಹುಮಾಯೂನರು ಕಾಬೂಲನ್ನು ಗೆದ್ದ ನಂತರ ನಾದಿನಿ ಗುಲ್‌ಬದನ್ ಮತ್ತು ಅತ್ತಿಗೆ ಹಮೀದಾ ಒಂದೇ ಮನೆವಾರ್ತೆಯಲ್ಲಿ ಸೇರಿದರು. ಅತ್ತಿಗೆ ನಾದಿನಿ ಎಂದರೆ ಜಗಳವೆಂದೇ ನಾವು ತಿಳಿಯುತ್ತೇವಲ್ಲವೇ? ಇವರ ಒಡನಾಟ ಅರ್ಧ ಶತಮಾನ ಮೀರಿ ನಡೆಯಿತು. 1556ರಲ್ಲಿ ಹುಮಾಯೂನರು ತೀರಿಕೊಂಡರು. ಮರುವರ್ಷ ಇಬ್ಬರೂ ಕಾಬೂಲಿನಿಂದ ಒಟ್ಟಾಗಿ ಹಿಂದುಸ್ತಾನಕ್ಕೆ ಬಂದು ಅಕ್ಬರರನ್ನು ಸೇರಿಕೊಂಡರು.

ಐವತ್ತು ದಾಟಿದ ಮೇಲೆ ಗುಲ್‌ಬದನ್ ಹಜ್ಜ್‌ಗೆ ಹೊರಟರು. ಸಲೀಮಾ ಸುಲ್ತಾನ್ ಬೇಗಂ ಹಾಗೂ ರಾಜಮನೆತನದ ಇನ್ನೂ ಅನೇಕ ಸ್ತ್ರೀಯರು ಜೊತೆಗಿದ್ದರು. ಸಮುದ್ರಮಾರ್ಗ ಪೋರ್ಚುಗೀಸರ ಹಿಡಿತದಲ್ಲಿದ್ದ ಕಾಲವದು. ಅವರ ಪರವಾನಗಿಗಾಗಿ ಸೂರತ್ತಿನಲ್ಲಿ ದೀರ್ಘಕಾಲ ಕಾದು 1576ರಲ್ಲಿ ಹಡಗೇರಿದರು. ಅರೇಬಿಯಾದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಇದ್ದು ನಾಲ್ಕು ಬಾರಿ ಹಜ್ಜ್ ನಿರ್ವಹಿಸಿದರು. ಮರಳುವಾಗ ಅದನ್ ಬಳಿ ಹಡಗು ಒಡೆದು ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕಾಯಿತು. ಫತೇಪುರ ಸಿಕ್ರಿ ತಲಪಿದ್ದು 1582ರಲ್ಲಿ.

ಇದಾಗಿ ಕೆಲವು ವರ್ಷಗಳಲ್ಲಿ, ಸುಮಾರು 1587ರಲ್ಲಿ, ಬಾಬರ್ ಮತ್ತು ಹುಮಾಯೂನರ ಬಗ್ಗೆ ನೆನಪಿರುವುದನ್ನೆಲ್ಲ ಬರೆಯಬೇಕೆಂದು ಅಕ್ಬರ್ ತಮ್ಮ ಸೋದರತ್ತೆಯನ್ನು ಕೇಳಿಕೊಂಡರು. ಅರವತ್ತು ದಾಟಿದ್ದ ಅವರು ಸರಳ ಪಾರಸಿಯಲ್ಲಿ ಹುಮಾಯೂನ್ ನಾಮಾ ಬರೆದರು. ಅರಸರಿಗಾಗಿ ಬರೆದ ಈ ಗ್ರಂಥದಲ್ಲಿ ಸ್ತ್ರೀಯರಿಗೆ ದೊರೆತ ಜಾಗವನ್ನು ಗಮನಿಸಿರಿ. ಔತಣಕ್ಕೆ ಬಂದ ಹೆಂಗಸರ ಉದ್ದನೆಯ ಪಟ್ಟಿ ಅದರಲ್ಲಿದೆ. ಅವರ ಮುನಿಸು, ಅಗಲಿಕೆ, ಮತ್ತೆ ಕೂಡಿದಾಗಿನ ಸಂತೋಷ ಎಲ್ಲವೂ ಇವೆ. ಹಮೀದಾ ಬಾನು ಮದುವೆಗೆ ಒಪ್ಪದೆ ನಲವತ್ತು ದಿನ ತಡೆದ ಸಂಗತಿಯೂ ಇದೆ. ಆಗ ಗುಲ್‌ಬದನ್ ಅಲ್ಲಿರಲಿಲ್ಲ. ಗೆಳತಿಯ ಬಾಯಿಂದ ಕೇಳಿದ್ದನ್ನೇ ಅವರು ಬರೆದಿಟ್ಟರೆಂದು ಇತಿಹಾಸಕಾರರು ಭಾವಿಸುತ್ತಾರೆ. ಒಬ್ಬರು ಹೇಳಿದರು, ಇನ್ನೊಬ್ಬರು ಮರೆಯಲಿಲ್ಲ. ಹಾಗಾಗಿ ಅದು ನಮ್ಮವರೆಗೆ ಬಂತು.

1603ರ ಫೆಬ್ರವರಿಯಲ್ಲಿ ಎಂಬತ್ತರ ಗುಲ್‌ಬದನ್ ಹಾಸಿಗೆ ಹಿಡಿದರು. ಹಮೀದಾ ಬಳಿಯಲ್ಲೇ ಇದ್ದರು. ನಿತ್ಯದ ಅಕ್ಕರೆಯ ಮಾತಿನಿಂದ ಕರೆದಾಗ ಉತ್ತರ ಬರಲಿಲ್ಲ. ಬಳಿಕ ಹೆಸರು ಹಿಡಿದು ಕರೆದರು. ಗುಲ್‌ಬದನ್ ಕಣ್ತೆರೆದು, ತಾನು ಹೊರಟರೂ ಗೆಳತಿ ಬಾಳಲೆಂದು ಹಾರೈಸಿ ಕಣ್ಣು ಮುಚ್ಚಿದರು. ಅಕ್ಬರ್ ಜನಾಝಕ್ಕೆ ಹೆಗಲು ಕೊಟ್ಟರು. ಮರುವರ್ಷ ಹಮೀದಾ ಕೂಡ ಇಹಲೋಕ ತ್ಯಜಿಸಿದರು.

ಗುಲ್‌ಬದನ್‌ರ ಗ್ರಂಥದ ಒಂದೇ ಒಂದು ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಅದೂ ಅಪೂರ್ಣ. 1553ರ ಘಟನೆಗಳ ನಡುವೆಯೇ ಬರಹ ನಿಂತುಹೋಗುತ್ತದೆ. 1902ರಲ್ಲಿ ಅನೆಟ್ ಬೆವರಿಜ್ ಎಂಬ ಮಹಿಳೆ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಜಗತ್ತು ಗುಲ್‌ಬದನ್‌ರನ್ನು ಮತ್ತೆ ಅರಿಯಿತು. ಕಳೆದುಹೋದ ಪುಟಗಳಲ್ಲಿ ಇನ್ನೆಷ್ಟು ಸ್ತ್ರೀಯರ ಹೆಸರುಗಳಿದ್ದವೋ ಅಲ್ಲಾಹನೇ ಬಲ್ಲ.

ಸಹೋದರಿಯರೇ, ನಿಮ್ಮ ಮನೆಯ ಹಿರಿಯ ಮಹಿಳೆಯ ನೆನಪಿಗೆ ಅಷ್ಟು ಪ್ರತಿಯೂ ಇಲ್ಲ. ಅವರೊಡನೆಯೇ ಅದೂ ಹೋಗಿಬಿಡುತ್ತದೆ. ಇಂದು ಅಸರ್ ನಮಾಝಿನ ನಂತರ ಅವರ ಬಳಿ ಸ್ವಲ್ಪ ಕುಳಿತುಕೊಳ್ಳಿ. ಅವರ ಗೆಳತಿಯ ಹೆಸರು ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ಆ ಗೆಳತಿ ಇನ್ನೂ ಇದ್ದರೆ ಒಮ್ಮೆ ಅವರ ಮನೆಗೆ ಕರೆದುಕೊಂಡು ಹೋಗಿ. ತೀರಿಕೊಂಡಿದ್ದರೆ ನಿಮ್ಮ ಪ್ರಾರ್ಥನೆಯಲ್ಲಿ ಆ ಹೆಸರನ್ನೂ ಸೇರಿಸಿಕೊಳ್ಳಿ.