ಗೆಳೆಯರ ನಡುವಿನ ಮಾಸ್ತರರು

ವಿದ್ಯಾಭ್ಯಾಸ ಮುಗಿಯುವುದು, ಉದ್ಯೋಗ ದೊರೆಯುವುದು, ಮದುವೆಯಾಗುವುದು, ಸ್ವಂತ ಸಂಸಾರ ಹೂಡುವುದು - ಇಷ್ಟಾದರೆ ಒಬ್ಬ ತರುಣನು ಬದುಕಿನಲ್ಲಿ ನೆಲೆ ನಿಂತನೆಂದು ಲೋಕ ಭಾವಿಸುತ್ತದೆ. ಆದರೆ ಇವೆಲ್ಲವೂ ಕೂಡಿಬಂದ ಮೇಲೂ ಕಾಲಕೆಳಗಿನ ನೆಲ ಕುಸಿಯಬಹುದು. ಆಗ ಮನುಷ್ಯನನ್ನು ಎತ್ತಿಹಿಡಿಯುವುದು ಯಾವುದು? ಈ ಪ್ರಶ್ನೆಗೆ ಉತ್ತರವಾಗಿ ನಿಂತಿರುವ ಬಾಳುಗಳಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರದು ಒಂದು. ಕನ್ನಡಿಗರು ಅವರನ್ನು ವರಕವಿಯೆಂದು ಗೌರವಿಸಿದರು. ಆದರೆ ಆ ಹಿರಿಮೆ ಬರುವುದಕ್ಕೆ ಬಹಳ ಮುಂಚೆ ಅವರು ಧಾರವಾಡದ ಒಬ್ಬ ಬಡ ಶಾಲಾಮಾಸ್ತರರಾಗಿದ್ದರು. ಅವರ ಆ ದಿನಗಳ ಕಥೆ ಅವರ ಕಾವ್ಯದಷ್ಟೇ ಮನನೀಯವಾದುದು.

ಬೇಂದ್ರೆಯವರು 1896ನೆಯ ಇಸವಿ ಜನವರಿ 31ರಂದು ಧಾರವಾಡದಲ್ಲಿ ಜನಿಸಿದರು. ತಂದೆ ರಾಮಚಂದ್ರ, ತಾಯಿ ಅಂಬವ್ವ. ಮನೆತನದಲ್ಲಿ ಸಂಸ್ಕೃತ ವಿದ್ಯೆಯಿತ್ತು, ಸಿರಿಯಿರಲಿಲ್ಲ. ದತ್ತಾತ್ರೇಯ ಇನ್ನೂ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಮಕ್ಕಳನ್ನು ಸಾಕುವ ಹೊರೆ ತಾಯಿಯ ಮೇಲೆ ಬಿದ್ದಿತು. ಅಂಬವ್ವ ಧೃತಿಗೆಡದೆ ಖಾನಾವಳಿ ನಡೆಸಿ ಸಂಸಾರವನ್ನು ಸಾಗಿಸಿದರು. ಊರೂರಿನಿಂದ ಬಂದವರು ಉಣ್ಣುವ ಖಾನಾವಳಿಯಲ್ಲಿ ಬಗೆಬಗೆಯ ಜನರ ಮಾತು ಬೆಳೆಯುವ ಹುಡುಗನ ಕಿವಿಗೆ ಬೀಳುವುದು ಸಹಜ. ಮನೆಯ ಮಾತು ಮರಾಠಿ. ಬೀದಿಯ ಮಾತು ಕನ್ನಡ. ಹೊಲಗೇರಿ, ಸಂತೆ, ಜಾತ್ರೆ, ಭಜನೆಗಳಲ್ಲಿ ಮೊಳಗುತ್ತಿದ್ದ ಆ ಗಂಡುಕನ್ನಡವು ಬಾಲಕನ ಹೃದಯದಲ್ಲಿ ಆಳವಾಗಿ ಬೇರೂರಿತು. ಮುಂದೆ ಅವರು ಕವಿಯಾದಾಗ ತಾಯಿಯ ಹೆಸರನ್ನೇ ತಮ್ಮ ಕಾವ್ಯನಾಮದಲ್ಲಿ ಸೇರಿಸಿಕೊಂಡು 'ಅಂಬಿಕಾತನಯದತ್ತ'ರಾದರು. ಅನ್ನವಿಕ್ಕಿ ಬೆಳೆಸಿದ ತಾಯಿಗೆ ಮಗನು ಸಲ್ಲಿಸಿದ ಋಣಸಂದಾಯವದು.

ಧಾರವಾಡದಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕ ಅವರು ಚಿಕ್ಕಪ್ಪನವರ ನೆರವಿನಿಂದ ಪುಣೆಗೆ ತೆರಳಿ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ಪುಣೆ ಆಗ ರಾಷ್ಟ್ರೀಯ ವಿಚಾರಗಳ ಕೇಂದ್ರವಾಗಿತ್ತು. ಅಲ್ಲಿದ್ದ ಕನ್ನಡ ವಿದ್ಯಾರ್ಥಿಗಳು ಒಂದುಗೂಡಿ 'ಶಾರದಾ ಮಂಡಳ'ವೆಂಬ ಕೂಟವನ್ನು ಕಟ್ಟಿಕೊಂಡಿದ್ದರು. ಪರವೂರಿನಲ್ಲಿ ತಮ್ಮ ನುಡಿಯನ್ನು ತಾವೇ ಕಾಪಾಡಿಕೊಳ್ಳಬೇಕೆಂಬ ಅರಿವು ತರುಣ ಬೇಂದ್ರೆಯವರಲ್ಲಿ ಮೂಡಿದುದು ಇಂತಹ ಒಡನಾಟದಿಂದ. ಸ್ನೇಹವೆಂದರೆ ಕಾಲಹರಣವಲ್ಲ, ಅದು ಕೂಡಿ ದುಡಿಯುವ ಒಂದು ವ್ರತ ಎಂಬ ನಂಬಿಕೆಯ ಬೀಜವೂ ಅಲ್ಲಿಯೇ ಬಿದ್ದಿರಬೇಕು.

1918ರಲ್ಲಿ ಬಿ.ಎ. ಪದವಿಯನ್ನು ಪಡೆದು ಅವರು ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಮರುವರ್ಷವೇ, ಎಂದರೆ 1919ರಲ್ಲಿ, ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. ಹೀಗೆ ವಿದ್ಯಾರ್ಥಿದೆಸೆಯಿಂದ ಗೃಹಸ್ಥಾಶ್ರಮಕ್ಕೆ ಅವರು ಒಂದೆರಡು ವರ್ಷಗಳಲ್ಲಿಯೇ ದಾಟಿದರು. ಮಾಸ್ತರಿಕೆಯ ಸಂಬಳ ಅಲ್ಪ. ಮನೆಯ ಹೊಣೆ ದೊಡ್ಡದು. ಆದರೂ ಬೋಧನೆ ಅವರಿಗೆ ಕೇವಲ ಹೊಟ್ಟೆಪಾಡಾಗಿರಲಿಲ್ಲ. ಒಂದು ಶಬ್ದವನ್ನು ಕೈಗೆತ್ತಿಕೊಂಡರೆ ಅದರ ಮೂಲ, ಅದರ ನಾದ, ಅದರ ನೆರೆಹೊರೆಯ ಮಾತುಗಳು, ಅದರೊಳಗಿನ ಲೆಕ್ಕ ಇವೆಲ್ಲವನ್ನೂ ಬಿಡಿಸಿ ತೋರಿಸುವುದು ಅವರ ರೀತಿ. ಈ ಗುಣ ಜೀವಮಾನದುದ್ದಕ್ಕೂ ಅವರನ್ನು ಬಿಡಲಿಲ್ಲ. ಕಾವ್ಯವಾಚನದ ಸಭೆಯೂ ಅವರಿದ್ದಲ್ಲಿ ಪಾಠಶಾಲೆಯಾಗಿ ಮಾರ್ಪಡುತ್ತಿತ್ತು.

ಆ ಕಾಲದ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದುಹಂಚಿಹೋಗಿತ್ತು. ಪ್ರೌಢಶಾಲೆಗಳಲ್ಲಿ ಇಂಗ್ಲಿಷಿಗೆ ಪ್ರಾಧಾನ್ಯ. ವಿದ್ಯಾವಂತರ ವ್ಯವಹಾರದಲ್ಲಿ ಮರಾಠಿಗೆ ಮನ್ನಣೆ. ತಮ್ಮ ನುಡಿಯಲ್ಲಿ ಉನ್ನತ ವಿಚಾರಗಳನ್ನು ಆಡಬಹುದೆಂಬ ಧೈರ್ಯವೇ ಕನ್ನಡಿಗರಲ್ಲಿ ಕುಂದಿತ್ತು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವೂ ಆಲೂರು ವೆಂಕಟರಾಯರಂತಹ ಹಿರಿಯರೂ ಈ ಕೊರತೆಯನ್ನು ನೀಗಲು ಶ್ರಮಿಸುತ್ತಿದ್ದರು. ಹಿರಿಯರು ತೋರಿದ ಹಾದಿಯಲ್ಲಿ ನಡೆಯಲು ಕಿರಿಯರ ಪಡೆಯೊಂದು ಬೇಕಾಗಿತ್ತು. ಅದನ್ನು ಕಟ್ಟಿದವರು ಶಾಲಾಮಾಸ್ತರರಾದ ಬೇಂದ್ರೆಯವರು.

1922ರ ಸುಮಾರಿಗೆ ಅವರ ಸುತ್ತ ಕೂಡಿದ ತರುಣರ ಬಳಗಕ್ಕೆ 'ಗೆಳೆಯರ ಗುಂಪು' ಎಂದು ಹೆಸರಾಯಿತು. ಹೆಸರು ಎಷ್ಟು ಸರಳವೋ ಉದ್ದೇಶ ಅಷ್ಟೇ ದೊಡ್ಡದು. ಶಂ.ಬಾ. ಜೋಶಿ, 'ಆನಂದಕಂದ'ರೆನಿಸಿದ ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕ, ಜಿ.ಬಿ. ಜೋಶಿ ಮೊದಲಾದವರು ಒಬ್ಬೊಬ್ಬರಾಗಿ ಅದರಲ್ಲಿ ಸೇರಿದರು. ಇವರಲ್ಲಿ ಶ್ರೀಮಂತರಿರಲಿಲ್ಲ, ಅಧಿಕಾರಸ್ಥರೂ ಇರಲಿಲ್ಲ. ಕೆಲವರು ಶಿಕ್ಷಕರು, ಕೆಲವರು ವಿದ್ಯಾರ್ಥಿಗಳು. ಒಬ್ಬನು ಬರೆದುದನ್ನು ಉಳಿದವರು ಕೇಳುವರು; ಮೆಚ್ಚಬೇಕಾದುದನ್ನು ಮೆಚ್ಚುವರು, ತಿದ್ದಬೇಕಾದುದನ್ನು ತಿದ್ದುವರು. ಕಾವ್ಯ, ಇತಿಹಾಸ, ಧರ್ಮ, ಜಾನಪದ ಹೀಗೆ ಅವರ ಚರ್ಚೆಗೆ ಹೊರತಾದ ವಿಷಯವಿರಲಿಲ್ಲ. 'ಸ್ವಧರ್ಮ', 'ಜಯಕರ್ನಾಟಕ' ಪತ್ರಿಕೆಗಳ ಕಾರ್ಯದಲ್ಲಿ ಈ ಗೆಳೆಯರು ದುಡಿದರು. ಬಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಜನಪದ ಗೀತೆಗಳನ್ನು ಸಂಗ್ರಹಿಸುತ್ತಿದ್ದ ಮಧುರಚೆನ್ನರು ಮತ್ತು ಅವರ ಸಂಗಡಿಗರೊಡನೆಯೂ ಅವರಿಗೆ ನಂಟು ಬೆಳೆಯಿತು. 1926ರಲ್ಲಿ ನವರಾತ್ರಿಯ ದಿನಗಳನ್ನು ನಾಡು-ನುಡಿಗಳ ಉತ್ಸವವನ್ನಾಗಿ ಆಚರಿಸುವ 'ನಾಡಹಬ್ಬ'ಕ್ಕೆ ಬೇಂದ್ರೆಯವರು ಚಾಲನೆ ನೀಡಿದರು. ಮನೆಯ ದೇವರಕೋಣೆಯ ಹಬ್ಬವು ಹೀಗೆ ಊರ ಬಯಲಿನ ಹಬ್ಬವಾಯಿತು.

ಈ ಬಳಗದಲ್ಲಿ ವಯಸ್ಸಿನ ಅಂತರ ಸ್ನೇಹಕ್ಕೆ ಅಡ್ಡಿಯಾಗಲಿಲ್ಲ. ಶಂ.ಬಾ. ಜೋಶಿಯವರು ಬೇಂದ್ರೆಯವರ ಸಮವಯಸ್ಕರು. ಗೋಕಾಕರಾದರೋ ಅವರಿಗಿಂತ ಹದಿಮೂರು ವರ್ಷ ಕಿರಿಯರು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಮುಳುಗಿದ್ದ ಗೋಕಾಕರನ್ನು ಕನ್ನಡ ಕಾವ್ಯದ ಕಡೆಗೆ ಒಲಿಸಿದ ಶ್ರೇಯಸ್ಸು ಬೇಂದ್ರೆಯವರಿಗೆ ಸಲ್ಲುತ್ತದೆ. ಗೋಕಾಕರು ಅವರನ್ನು ಕೊನೆಯವರೆಗೂ ತಮ್ಮ ಕಾವ್ಯಗುರುಗಳೆಂದು ಭಾವಿಸಿದರು. ತರಗತಿಯ ಗೋಡೆಗಳಾಚೆಗೂ ಗುರುಶಿಷ್ಯಭಾವವು ಸ್ನೇಹರೂಪದಿಂದ ಬೆಳೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1929ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಕಾಲದ ಗತಿಯನ್ನು ಹಾರುವ ಹಕ್ಕಿಗೆ ಹೋಲಿಸಿ ರಚಿಸಿದ ತಮ್ಮ ಕವನವನ್ನು ಬೇಂದ್ರೆಯವರು ಅಲ್ಲಿ ಹಾಡಿದಾಗ ಸಭೆ ಮಂತ್ರಮುಗ್ಧವಾಯಿತು. ಧಾರವಾಡದ ಮಾಸ್ತರರ ಹೆಸರು ಅಂದಿನಿಂದ ಕನ್ನಡನಾಡಿನ ಎಲ್ಲ ಮೂಲೆಗಳಿಗೂ ಹಬ್ಬಿತು. ಮಾಸ್ತಿಯವರು ಅವರ ಆಪ್ತ ಹಿತೈಷಿಗಳಾದರು.

ಆದರೆ ಸಭೆಯ ಚಪ್ಪಾಳೆ ಮನೆಯ ದುಃಖವನ್ನು ಕಳೆಯಲಾರದು. ಲಕ್ಷ್ಮೀಬಾಯಿ ಮತ್ತು ಬೇಂದ್ರೆಯವರಿಗೆ ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ಕಣ್ಮರೆಯಾದರು. ಮಗುವಿನ ಮರಣಶಯ್ಯೆಯ ಬಳಿ ಕುಳಿತ ತಾಯಿಯ ನೋಟವನ್ನು ಎದುರಿಸಲಾಗದೆ ತಂದೆಯೊಬ್ಬನು ತಳಮಳಿಸುವ ಚಿತ್ರವನ್ನು ಅವರು ಒಂದು ಕವನದಲ್ಲಿ ಮೂಡಿಸಿದ್ದಾರೆ. ಓದಿದವರ ಕಣ್ಣು ಹನಿಗೂಡುವಂತಹ ಆ ಕವನದ ಹಿಂದೆ ಕಲ್ಪನೆಯಲ್ಲ, ಸ್ವಾನುಭವವಿದೆ. ನೋವು ತಮಗಿರಲಿ, ಅದರಿಂದ ಹುಟ್ಟಿದ ಹಾಡು ಲೋಕಕ್ಕೆ ದೊರೆಯಲಿ ಎಂಬುದು ಅವರ ನಿಲುವಾಗಿತ್ತು.

1932ರಲ್ಲಿ ಅವರ 'ಗರಿ' ಎಂಬ ಕವನಸಂಗ್ರಹ ಪ್ರಕಟವಾಯಿತು. ಅದರಲ್ಲಿ 'ನರಬಲಿ' ಎಂಬ ಕವನವಿತ್ತು. ಪರಕೀಯರ ಆಳ್ವಿಕೆಯ ಕ್ರೌರ್ಯವನ್ನು ಅದು ಖಂಡಿಸಿತ್ತು. ಗಾಂಧೀಜಿಯವರ ನೇತೃತ್ವದಲ್ಲಿ ಕಾನೂನುಭಂಗ ಚಳವಳಿ ನಡೆಯುತ್ತಿದ್ದ ಕಾಲವದು. ಸರ್ಕಾರವು ಪ್ರತಿಯೊಂದು ದಿಟ್ಟ ಮಾತನ್ನೂ ಶಂಕೆಯಿಂದ ನೋಡುತ್ತಿತ್ತು. ಸಂಸಾರವಂದಿಗನಾದ ಬಡ ಶಿಕ್ಷಕನಿಗೆ ಮೌನವೇ ಕ್ಷೇಮವೆಂದು ತೋರುವುದು ಸಹಜ. ಆದರೆ ಮಕ್ಕಳಿಗೆ ಸತ್ಯವನ್ನು ಬೋಧಿಸುವವನು ತಾನು ಕಂಡ ಸತ್ಯವನ್ನು ಅಡಗಿಸಿಡುವುದು ಹೇಗೆ? ಕವನ ಅಚ್ಚಾಯಿತು. ರಾಜದ್ರೋಹದ ಆರೋಪದ ಮೇಲೆ ಬೇಂದ್ರೆಯವರು ಬೆಳಗಾವಿಯ ಬಳಿಯ ಹಿಂಡಲಗಾ ಸೆರೆಮನೆಯನ್ನು ಕಂಡರು. ಅನಂತರ ಧಾರವಾಡಕ್ಕೆ ಸಮೀಪದ ಮುಗದ ಎಂಬ ಹಳ್ಳಿಯಲ್ಲಿ ಅವರನ್ನು ನಿರ್ಬಂಧದಲ್ಲಿ ಇರಿಸಲಾಯಿತು.

ಬಿಡುಗಡೆ ಬಂದಿತು, ಆದರೆ ಬವಣೆ ಮುಗಿಯಲಿಲ್ಲ. ಸರ್ಕಾರದ ಅವಕೃಪೆಗೆ ಪಾತ್ರರಾದವರಿಗೆ ಕೆಲಸ ಕೊಡಲು ಸಂಸ್ಥೆಗಳು ಹಿಂಜರಿಯುತ್ತಿದ್ದವು. ಕಲಿಸಲು ಹುಟ್ಟಿದವನಿಗೆ ಕಲಿಸುವ ಕೊಠಡಿಯೇ ಇಲ್ಲವಾಯಿತು. ಸ್ಥಿರವಾದ ಉದ್ಯೋಗವಿಲ್ಲದೆ ಅವರು ಅನೇಕ ವರ್ಷಗಳನ್ನು ಕಳೆದರು. ಆ ದಿನಗಳಲ್ಲಿ ಇದ್ದುದರಲ್ಲೇ ಮನೆಯನ್ನು ತೂಗಿಸಿಕೊಂಡು ಹೋದವರು ಲಕ್ಷ್ಮೀಬಾಯಿಯವರು. 1937ರಲ್ಲಿ ಪ್ರಕಟವಾದ 'ಸಖೀಗೀತ'ದಲ್ಲಿ ಬೇಂದ್ರೆಯವರು ತಮ್ಮ ದಾಂಪತ್ಯದ ಸುಖದುಃಖಗಳನ್ನೇ ಕಾವ್ಯವಾಗಿಸಿದರು. ಬಡತನದಲ್ಲಿ ಜೊತೆಗೂಡಿ ನಡೆದ ಮಡದಿಯನ್ನು ಅವರು ಅದರಲ್ಲಿ ಗೆಳತಿಯ ಸ್ಥಾನದಲ್ಲಿರಿಸಿ ಕಂಡಿದ್ದಾರೆ. ಸ್ನೇಹವೆಂಬ ಮಾತು ಅವರಿಗೆ ಮನೆಯ ಹೊರಗೂ ಒಳಗೂ ಒಂದೇ ಆಗಿತ್ತು.

ಗೆಳೆಯರೂ ಅವರನ್ನು ಕೈಬಿಡಲಿಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ 'ಮನೋಹರ ಗ್ರಂಥಮಾಲೆ'ಯನ್ನು ಸ್ಥಾಪಿಸಿದರು. ಅದು ಬೆಳೆದುದು ಗೆಳೆಯರ ಗುಂಪಿನ ಸಹಕಾರದಿಂದ. ಅದರ ಕಾರ್ಯಾಲಯದ 'ಅಟ್ಟ'ವು ಸಾಹಿತಿಗಳು ಕೂಡುವ ತಾಣವೆಂದು ಪ್ರಸಿದ್ಧವಾಯಿತು. ಬೇಂದ್ರೆಯವರಾದರೋ ಕಷ್ಟಕಾಲವನ್ನು ಕೊರಗಿನಲ್ಲಿ ಕಳೆಯಲಿಲ್ಲ. ಕಲಿಸುವ ಅವಕಾಶ ತಪ್ಪಿದಾಗ ಕಲಿಯುವ ಅವಕಾಶವನ್ನು ಅವರು ಹುಡುಕಿಕೊಂಡರು. ಮತ್ತೆ ವಿದ್ಯಾರ್ಥಿಯಾಗಿ ಓದಿ 1935ರಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಎಂ.ಎ. ಪದವಿಯನ್ನು ಪಡೆದರು. ಕವನಸಂಗ್ರಹಗಳು ಒಂದರ ಮೇಲೊಂದು ಬಂದವು. 1943ರಲ್ಲಿ ಶಿವಮೊಗ್ಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ನೆಲೆಯಾದ ನೌಕರಿಯಿಲ್ಲದ ಮಾಸ್ತರರನ್ನು ನಾಡು ತನ್ನ ಅತ್ಯುನ್ನತ ಸಾಹಿತ್ಯಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು.

ಅದರ ಮರುವರ್ಷ, 1944ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅವರು ಕನ್ನಡ ಪ್ರಾಧ್ಯಾಪಕರಾದರು. ಆಗ ಅವರ ವಯಸ್ಸು ನಲವತ್ತೆಂಟು. ತಾರುಣ್ಯದಲ್ಲಿ ದೊರಕಬೇಕಾಗಿದ್ದ ನೆಮ್ಮದಿ ನಡುಹರೆಯ ದಾಟಿದ ಮೇಲೆ, ಅದೂ ಪ್ರೀತಿಯ ಧಾರವಾಡವನ್ನು ಬಿಟ್ಟು ದೂರ ಹೋದ ಮೇಲೆ ದೊರಕಿತು. ಅಲ್ಲಿ ಹನ್ನೆರಡು ವರ್ಷ ಕಲಿಸಿ 1956ರಲ್ಲಿ ಅವರು ಊರಿಗೆ ಮರಳಿದರು. ಯಾವ ಕನಸನ್ನು ಹೊತ್ತು ಗೆಳೆಯರ ಗುಂಪು ದುಡಿದಿತ್ತೋ ಆ ಕನಸು ಅದೇ ವರ್ಷದ ನವೆಂಬರ್ 1ರಂದು ನನಸಾಗಿ, ಹರಿದುಹೋಗಿದ್ದ ಕನ್ನಡ ಪ್ರದೇಶಗಳು ಒಂದು ರಾಜ್ಯವಾಗಿ ಕೂಡಿದವು. ಸಾಧನಕೇರಿಯ ಅವರ ಮನೆಯ ಬಾಗಿಲು ಹಿರಿಯರಿಗೂ ಕಿರಿಯರಿಗೂ ತೆರೆದಿತ್ತು. 1958ರಲ್ಲಿ 'ಅರಳು ಮರಳು' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ 1973ರಲ್ಲಿ 'ನಾಕುತಂತಿ'ಗೆ ಜ್ಞಾನಪೀಠ ಪ್ರಶಸ್ತಿಯೂ ಸಂದವು. 1981ನೆಯ ಇಸವಿ ಅಕ್ಟೋಬರ್ 26ರಂದು ಅವರು ಮುಂಬಯಿಯಲ್ಲಿ ನಿಧನರಾದರು.

ಗೆಳೆಯರ ಗುಂಪಿನ ಸದಸ್ಯರು ಮುಂದೆ ಬೇರೆಬೇರೆ ದಾರಿಗಳಲ್ಲಿ ನಡೆದು ಕನ್ನಡವನ್ನು ಸಮೃದ್ಧಗೊಳಿಸಿದರು. ಶಂ.ಬಾ. ಜೋಶಿಯವರು ಸಂಸ್ಕೃತಿ ಸಂಶೋಧಕರಾದರು. ಬೆಟಗೇರಿಯವರು ಕವಿ, ಕಥೆಗಾರರಾದರು. ಮುಗಳಿಯವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದರು. ಗೋಕಾಕರು ತಮ್ಮ ಗುರುವಿನಂತೆಯೇ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಅಲ್ಪ ಸಂಬಳದ ತರುಣ ಶಿಕ್ಷಕರೊಬ್ಬರು ಶಾಲೆಯ ವೇಳೆ ಮುಗಿದ ಮೇಲೆ ತಮ್ಮ ಸುತ್ತ ಕೂಡಿದ ಗೆಳೆಯರಿಗೆ ಹಂಚಿದ ಉತ್ಸಾಹವು ಹೀಗೆ ಒಂದು ನಾಡಿನ ಸಂಪತ್ತಾಯಿತು. ಸರ್ಕಾರವು ಅವರಿಂದ ಶಾಲೆಯನ್ನು ಕಸಿದುಕೊಂಡಿತು. ಶಿಷ್ಯರನ್ನು ಕಸಿದುಕೊಳ್ಳಲು ಅದರಿಂದ ಸಾಧ್ಯವಾಗಲಿಲ್ಲ.